ಕಲೆಗೆ ಬಿಸಿನೀರು ಬೇಕೇ?

ನಾವು ನಾಲ್ವರು ಒಟ್ಟಿಗೆ ಕುಳಿತು ‘ಶೋಯಿಂಗ್ ಅಪ್’ ಎಂಬ ಚಿತ್ರವನ್ನು ನೋಡಿ ಮುಗಿಸಿದಾಗ ಮೊದಲು ಬಾಯಿ ತೆರೆದವರು ನಿವೃತ್ತ ಲೆಕ್ಕಾಧಿಕಾರಿಗಳಾದ ರಾಯರು. ಸುಮಾರು 108 ನಿಮಿಷಗಳಷ್ಟು ಕಾಲ ಕಣ್ಣು ಮಿಟುಕಿಸದೆ ನೋಡಿದರೂ ಕೊಲೆಯಿಲ್ಲ, ಪ್ರಣಯವಿಲ್ಲ, ಕೊನೆಗೆ ಒಂದು ದೊಡ್ಡ ಜಗಳವೂ ಇಲ್ಲ, ಇರುವುದೆಲ್ಲ ಗೀಸರ್ ಕೆಟ್ಟ ಮನೆಯ ಬಾಡಿಗೆದಾರಳೊಬ್ಬಳ ದೂರು ಮಾತ್ರ ಎಂಬುದು ಅವರ ತೀರ್ಪು.

“ದೂರು ಸಣ್ಣದೇನಲ್ಲ ರಾಯರೇ,” ಎಂದರು ಚಿತ್ರಕಲೆಯ ಮೇಷ್ಟ್ರು. “ಮನೆಯ ಒಡತಿ ಪಕ್ಕದಲ್ಲೇ ಇದ್ದಾಳೆ, ಅವಳೂ ಕಲಾವಿದೆ, ಅವಳಿಗೂ ಪ್ರದರ್ಶನದ ಗಡಿಬಿಡಿ. ಗೀಸರ್ ಸರಿಮಾಡಿಸುವುದಕ್ಕೆ ಬಿಡುವಿಲ್ಲದವಳಿಗೆ ಎಲ್ಲಿಂದಲೋ ಹಳೆಯ ಟೈರೊಂದನ್ನು ಉರುಳಿಸಿಕೊಂಡು ಬಂದು ಮರಕ್ಕೆ ಉಯ್ಯಾಲೆ ಕಟ್ಟುವಷ್ಟು ಬಿಡುವಿದೆ. ಆ ಒಂದು ದೃಶ್ಯದಲ್ಲಿ ಇಡೀ ಕಲಾಲೋಕದ ಸ್ವಭಾವವೇ ಬಂದುಬಿಟ್ಟಿದೆ.”

ಕಥೆ ಇಷ್ಟೇ: ಅಮೆರಿಕದ ಪೋರ್ಟ್‌ಲೆಂಡ್ ಎಂಬ ಊರಿನಲ್ಲಿ ಲಿಜ್ಜಿ ಎಂಬ ಶಿಲ್ಪಿ ಮಣ್ಣಿನಲ್ಲಿ ಪುಟ್ಟ ಪುಟ್ಟ ಹೆಣ್ಣುಗಳ ಮೂರ್ತಿಗಳನ್ನು ಮಾಡುತ್ತಾಳೆ, ಹೊಟ್ಟೆಪಾಡಿಗೆ ಕಲಾಶಾಲೆಯ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ, ಅಲ್ಲಿ ಅವಳ ಮೇಲಧಿಕಾರಿ ಅವಳ ತಾಯಿಯೇ. ಕೆಲವೇ ದಿನಗಳಲ್ಲಿ ಏಕವ್ಯಕ್ತಿ ಪ್ರದರ್ಶನವಿದೆ. ಆ ಹೊತ್ತಿಗೇ ಅವಳ ಬೆಕ್ಕು ರಾತ್ರಿ ಪಾರಿವಾಳವೊಂದನ್ನು ಹಿಡಿದು ಗಾಯಗೊಳಿಸುತ್ತದೆ. ಅವಳು ಅದನ್ನು ಕಿಟಕಿಯಿಂದಾಚೆ ಹಾಕಿ, ಬೇರೆಲ್ಲಾದರೂ ಹೋಗಿ ಸಾಯಲಿ ಎಂದು ಕೈ ತೊಳೆದುಕೊಳ್ಳುತ್ತಾಳೆ. ಬೆಳಗಾಗುವಷ್ಟರಲ್ಲಿ ಮನೆಯ ಒಡತಿ ಅದೇ ಪಾರಿವಾಳವನ್ನು ಎತ್ತಿಕೊಂಡು ಬಂದು, ಪಾಪ ಯಾವುದೋ ಪ್ರಾಣಿ ಹಿಡಿದಿರಬೇಕು ಎಂದು ಕನಿಕರಪಟ್ಟು, ಇವಳಿಂದಲೇ ಪಟ್ಟಿ ಕಟ್ಟಿಸಿ, ತನಗೆ ಕೆಲಸವಿದೆಯೆಂದು ಇವಳ ಬಳಿಯೇ ಬಿಟ್ಟು ಹೋಗುತ್ತಾಳೆ. ಮಾಡಿದ್ದುಣ್ಣೋ ಮಹಾರಾಯ ಎಂಬ ಮಾತನ್ನು ಇಷ್ಟು ಮೌನವಾಗಿ ಹೇಳಿದ ಚಿತ್ರವನ್ನು ನಾನಂತೂ ನೋಡಿಲ್ಲ.

ಇಷ್ಟು ಹೊತ್ತೂ ಸುಮ್ಮನಿದ್ದ ನಮ್ಮ ಗೆಳತಿ, ಸ್ವತಃ ಮಣ್ಣಿನ ಕೆಲಸ ಮಾಡುವವಳು, ಆಗ ಮಾತಿಗೆ ಬಂದಳು. “ನೀವೆಲ್ಲ ಪಾರಿವಾಳಕ್ಕೆ ನಕ್ಕಿರಿ. ನಾನು ಮಾತ್ರ ಮೂರ್ತಿ ಸುಡುವ ಆವಿಗೆಯ ದೃಶ್ಯದಲ್ಲಿ ಉಸಿರು ಬಿಗಿಹಿಡಿದಿದ್ದೆ.”

ತಿಂಗಳುಗಟ್ಟಲೆ ಮಾಡಿದ ಮೂರ್ತಿಯನ್ನು ಲಿಜ್ಜಿ ಸುಡಲು ಕೊಟ್ಟಿರುತ್ತಾಳೆ, ಹೊರಬಂದಾಗ ಅದರ ಒಂದು ಮಗ್ಗುಲು ಕರಕಾಗಿರುತ್ತದೆ. ಆವಿಗೆ ನೋಡಿಕೊಳ್ಳುವವನಿಗೆ ಅದು ಅಂಥ ಅನಾಹುತವೆಂದು ತೋರುವುದಿಲ್ಲ, ಅವಳಿಗೆ ಭೂಮಿಯೇ ಬಾಯ್ಬಿಟ್ಟಂತಾಗುತ್ತದೆ, ಆದರೂ ಅವಳು ಕಿರುಚುವುದಿಲ್ಲ. ಗೆಳತಿ ನಮಗೆ ವಿವರಿಸಿದಳು: ಮಣ್ಣಿನಲ್ಲಿ ತೇವ ಉಳಿದಿದ್ದರೆ ಒಳಗೇ ಆವಿಯಾಗಿ ಮೂರ್ತಿ ಸಿಡಿಯುತ್ತದೆ, 573 ಡಿಗ್ರಿಯ ಆಸುಪಾಸಿನಲ್ಲಿ ಮಣ್ಣಿನೊಳಗಿನ ಸ್ಫಟಿಕಶಿಲೆ ಒಮ್ಮೆಲೇ ಹಿಗ್ಗುವುದರಿಂದ ಅಲ್ಲಿ ಅವಸರಪಟ್ಟರೆ ಬಿರುಕು, ಬಣ್ಣ ಬಳಿದು ಮತ್ತೆ ಸುಡುವಾಗ ಶಾಖ ಒಂದಿಷ್ಟು ಏರಿದರೂ ಬಣ್ಣ ಹರಿದು ಬೇರೇನೋ ಆಗುತ್ತದೆ, ಇಷ್ಟೆಲ್ಲ ಗಂಡಾಂತರ ದಾಟಿದ ಮೇಲೆಯೂ ಕುತೂಹಲ ತಡೆಯಲಾರದೆ ಬಿಸಿಯಿರುವಾಗಲೇ ಬಾಗಿಲು ತೆರೆದರೆ ಟಣ್ಣೆಂಬ ಸದ್ದಿನೊಂದಿಗೆ ಎಲ್ಲವೂ ಮುಗಿಯುತ್ತದೆ.

“ಕೊಲೆಯಿಲ್ಲ ಅಂದಿರಲ್ಲ ರಾಯರೇ, ಅದು ಕೊಲೆಯೇ,” ಎಂದಳು.

ರಾಯರು ಈ ನಷ್ಟವನ್ನು ಯಾವ ಲೆಕ್ಕಕ್ಕೆ ಬರೆಯಬೇಕೆಂದು ಯೋಚಿಸುತ್ತಿರುವಂತೆ ಕಂಡರು.

ಮೇಷ್ಟ್ರಿಗೆ ಹುರುಪು ಬಂತು. ಕಲಾವಿದರ ಬಗೆಗಿನ ಚಿತ್ರಗಳಲ್ಲಿ ಸಾಮಾನ್ಯವಾಗಿ ಕಲಾವಿದ ಕುಡಿಯುತ್ತಾನೆ, ಪ್ರೀತಿಸುತ್ತಾನೆ, ಹುಚ್ಚನಾಗುತ್ತಾನೆ, ನಡುನಡುವೆ ಮಿಂಚು ಹೊಡೆದಂತೆ ಎದ್ದು ಒಂದು ಮಹಾಕೃತಿಯನ್ನು ಮುಗಿಸಿಬಿಡುತ್ತಾನೆ. ವ್ಯಾನ್ ಗೋನಂತೆ ಕಿವಿ ಕತ್ತರಿಸಿಕೊಳ್ಳದ ಚಿತ್ರಕಾರನನ್ನು ನಂಬಲು ಪ್ರೇಕ್ಷಕರು ಸಿದ್ಧರೇ ಇಲ್ಲ ಎಂದು ಅವರು ವಾದಿಸಿದರು. ನಿಜವಾದ ಕಲಾವಿದನ ಬದುಕಿನಲ್ಲಿ ಹುಚ್ಚಿಗಿಂತ ಬಾಕಿ ಬಿಲ್ಲುಗಳೇ ಹೆಚ್ಚು. ಡಚ್ ಚಿತ್ರಕಾರ ವರ್ಮೀರ್ 1675ರಲ್ಲಿ ಸಾಲದಲ್ಲೇ ತೀರಿಕೊಂಡ, ರೊಟ್ಟಿ ಅಂಗಡಿಯವನಿಗೆ ತೀರಿಸಬೇಕಿದ್ದ 600 ಗಿಲ್ಡರಿಗೂ ಮೀರಿದ ಬಾಕಿಗೆ ಪ್ರತಿಯಾಗಿ ಅವನ ಹೆಂಡತಿ ಎರಡು ಚಿತ್ರಗಳನ್ನು ಒಪ್ಪಿಸಬೇಕಾಯಿತು ಎಂದು ಮೇಷ್ಟ್ರು ಹೇಳಿದಾಗ, ರಾಯರು ಅಂದಿನ ಸಂಜೆ ಮೊದಲ ಬಾರಿಗೆ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು.

“ಹಾಗಾದರೆ ಆ ರೊಟ್ಟಿಯವನೇ ಜಾಣ,” ಎಂಬುದು ಅವರಿಗೆ ಹೊಳೆದ ಕಲಾವಿಮರ್ಶೆ.

ನನಗೆ ಹೆಚ್ಚು ಹಿಡಿಸಿದ್ದು ಬೇರೊಂದು ಸಂಗತಿ. ಈ ಚಿತ್ರದಲ್ಲಿ ಲಿಜ್ಜಿಯ ಕಲೆಗೆ ಯಾರೂ ಶತ್ರುಗಳಲ್ಲ. ತಂದೆ ಸ್ವತಃ ನಿವೃತ್ತ ಕುಂಬಾರ, ತಾಯಿ ಕಲಾಶಾಲೆಯವಳು, ಸಹೋದರನನ್ನು ಆ ತಾಯಿ ಮಹಾಪ್ರತಿಭೆಯೆಂದೇ ನಂಬಿದ್ದಾಳೆ, ಆತ ಮನೆಯ ಅಂಗಳದಲ್ಲಿ ದೊಡ್ಡ ಗುಂಡಿ ತೋಡುತ್ತಾ ಅದನ್ನೇ ಕೃತಿಯೆನ್ನುತ್ತಾನೆ. ಎಲ್ಲರೂ ಕಲೆಯನ್ನು ಬಲ್ಲವರು, ಎಲ್ಲರೂ ಒಳ್ಳೆಯವರು, ಆದರೆ ಎಲ್ಲರಿಗೂ ಅವಳ ಐದು ನಿಮಿಷ ಬೇಕು. ಖಳನಾಯಕನಿದ್ದಿದ್ದರೆ ಎದುರಿಸಬಹುದಿತ್ತು, ಐದು ನಿಮಿಷವನ್ನು ಎದುರಿಸುವುದು ಹೇಗೆ? ಚಿತ್ರದ ಹಾಸ್ಯವೆಲ್ಲ ಅಲ್ಲಿಯೇ ಇದೆ, ದುಃಖವೂ ಅಲ್ಲಿಯೇ ಇದೆ.

“ನಮ್ಮ ಮನೆಯಲ್ಲಿ ಅದಕ್ಕೊಂದು ಮಂತ್ರವೇ ಇದೆ,” ಎಂದಳು ಗೆಳತಿ. “ಹೇಗೂ ಮನೆಯಲ್ಲೇ ಇರುತ್ತೀಯಲ್ಲ, ಅನ್ನುತ್ತಾರೆ. ಕಚೇರಿಗೆ ಹೋಗುವವರಿಗೆ ಕೆಲಸವಿರುತ್ತದೆ, ನನಗೆ ಬಿಡುವಿರುತ್ತದೆ.”

ನಿರ್ದೇಶಕಿ ಕೆಲ್ಲಿ ರೈಕಾರ್ಟ್ ಇದನ್ನೆಲ್ಲ ಪುಸ್ತಕ ಓದಿ ತಿಳಿದವರಲ್ಲ ಎಂದು ಮೇಷ್ಟ್ರು ಹೇಳಿದರು. ಅವರ ಮೊದಲ ಕಥಾಚಿತ್ರ ಬಂದದ್ದು 1994ರಲ್ಲಿ, ಎರಡನೆಯದು 2006ರಲ್ಲಿ. ಅವರೂ ಕಾಲೇಜಿನಲ್ಲಿ ಪಾಠ ಹೇಳುತ್ತಾ, ತಮ್ಮ ಚಿತ್ರಗಳ ಸಂಕಲನವನ್ನು ತಾವೇ ಮಾಡುತ್ತಾ ಬಂದವರು. 2022ರಲ್ಲಿ ಕಾನ್ ಚಿತ್ರೋತ್ಸವದ ಸ್ಪರ್ಧಾ ವಿಭಾಗಕ್ಕೆ ಹೋದ ಈ ಚಿತ್ರ, ಲಿಜ್ಜಿಯಾಗಿ ನಟಿಸಿರುವ ಮಿಷೆಲ್ ವಿಲಿಯಮ್ಸ್ ಅವರ ಜೊತೆಗೆ ರೈಕಾರ್ಟ್ ಮಾಡಿದ ನಾಲ್ಕನೆಯದು. ಮೂರ್ತಿಗಳು ಕೂಡ ಕಲಾನಿರ್ದೇಶನ ವಿಭಾಗದವರು ಅವಸರದಲ್ಲಿ ಮೆತ್ತಿದ ಮಣ್ಣುಗಳಲ್ಲ, ಸಿಂಥಿಯಾ ಲಾಟಿ ಎಂಬ ಪೋರ್ಟ್‌ಲೆಂಡಿನ ಕಲಾವಿದೆಯೇ ಮಾಡಿದವು. ಚಿತ್ರೀಕರಣ ನಡೆದದ್ದು ಒಂದು ನಿಜವಾದ ಕಲಾಶಾಲೆಯಲ್ಲಿ, ಅದು 2019ರಲ್ಲೇ ಬಾಗಿಲು ಮುಚ್ಚಿತ್ತು. ಮುಚ್ಚಿದ ಶಾಲೆಯನ್ನು ಸಿನಿಮಾಕ್ಕಾಗಿಯಾದರೂ ತೆರೆದು, ಮಗ್ಗಗಳನ್ನೂ ಆವಿಗೆಯನ್ನೂ ಮತ್ತೆ ಜೀವಂತವಾಗಿ ಕಾಣಿಸಿದ್ದಾರೆ ಎಂಬುದನ್ನು ನೆನೆದಾಗ ಮೇಷ್ಟ್ರ ದನಿ ಸ್ವಲ್ಪ ತಗ್ಗಿತು.

“ಹನ್ನೆರಡು ವರ್ಷ!” ರಾಯರು ಇನ್ನೂ ಎರಡು ಚಿತ್ರಗಳ ನಡುವಿನ ಅಂತರದಲ್ಲೇ ಸಿಕ್ಕಿಕೊಂಡಿದ್ದರು. “ಅಷ್ಟು ವರ್ಷ ಕಾದವರಿಗೆ ಪಾರಿವಾಳದ ಗಾಯ ಮಾಯುವವರೆಗೆ ಕ್ಯಾಮೆರಾ ಹಿಡಿದು ನಿಲ್ಲುವುದೇನು ಕಷ್ಟ?” ವ್ಯಂಗ್ಯವಾಗಿ ಹೊರಟ ಆ ಮಾತು ಬಾಯಿಂದ ಹೊರಬೀಳುವಷ್ಟರಲ್ಲಿ ಮೆಚ್ಚುಗೆಯಾಗಿಬಿಟ್ಟದ್ದನ್ನು ಕಂಡು ಅವರೇ ಪೆಚ್ಚಾದರು.

ಕೊನೆಯ ದೃಶ್ಯದ ಬಗ್ಗೆ ನಮ್ಮಲ್ಲಿ ಜಗಳವಾಗಲಿಲ್ಲ. ಪ್ರದರ್ಶನಕ್ಕೆ ಎಲ್ಲರೂ ಬರುತ್ತಾರೆ, ಸಹೋದರ ಮೂರ್ತಿಗಳಿಗಿಂತ ಅಲ್ಲಿಟ್ಟ ಚೀಸಿನ ಕಡೆಗೇ ಹೆಚ್ಚು ಗಮನ ಕೊಟ್ಟು ಲಿಜ್ಜಿಯಿಂದ ಬೈಸಿಕೊಳ್ಳುತ್ತಾನೆ. ಅಷ್ಟರಲ್ಲಿ ಮಕ್ಕಳಿಬ್ಬರು ಪಾರಿವಾಳದ ಪಟ್ಟಿ ಬಿಚ್ಚುತ್ತಾರೆ, ಅದು ಕೋಣೆಯೊಳಗೇ ಹಾರಾಡುತ್ತದೆ, ಮೂರ್ತಿಗಳನ್ನು ನೋಡಲು ಬಂದವರೆಲ್ಲ ಅದನ್ನು ನೋಡುತ್ತಾರೆ. ತಿಂಗಳುಗಟ್ಟಲೆ ದುಡಿದವಳ ಪ್ರದರ್ಶನವನ್ನು ಕದ್ದದ್ದು ಅವಳೇ ಸಾಕಿ ಬದುಕಿಸಿದ ಹಕ್ಕಿ.

ಗೆಳತಿ ಹೊರಡಲು ಎದ್ದಳು. ಬೆಳಿಗ್ಗೆ ಆವಿಗೆ ಹಚ್ಚಿದ್ದಾಳಂತೆ, ನಾಳೆ ಮಧ್ಯಾಹ್ನಕ್ಕೆ ಆರುತ್ತದಂತೆ, ಅಲ್ಲಿಯವರೆಗೆ ನಿದ್ದೆ ಬರುವುದಿಲ್ಲವಂತೆ. ಅವಳನ್ನು ಬಾಗಿಲವರೆಗೆ ಕಳುಹಿಸಲು ಹೋದವನಿಗೆ, ನಮ್ಮ ಮನೆಯ ಗೀಸರ್ ರಿಪೇರಿಯವನು ನಾಳೆ ಬರುವುದು ನಾನು ಕಚೇರಿಯಲ್ಲಿರುವ ಹೊತ್ತಿಗೇ ಎಂಬುದು ನೆನಪಾಯಿತು.

“ನಾಳೆ ನೀನು ಹೇಗೂ ಮನೆಯಲ್ಲೇ…” ಎಂದು ಆರಂಭಿಸಿ, ಅರ್ಧಕ್ಕೇ ನಿಂತೆ.

ಒಳಗಿನಿಂದ ರಾಯರ ನಗು ಕೇಳಿಸಿತು. ಗೆಳತಿ ಮಾತ್ರ ನಗಲಿಲ್ಲ. ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಕೈ ಚಾಚಿ, “ಬೀಗದ ಕೈ ಕೊಡು. ಹನ್ನೆರಡರೊಳಗೆ ಬರಲು ಹೇಳು ಅವನಿಗೆ,” ಎಂದಳು.