ಮೌಸ್‌ನಿಂದ ಎಳೆದಿಟ್ಟ ಲೆಜೆಂಡ್ ಅಲ್ಲಿಯೇ ಉಳಿಯಬೇಕಾದರೆ

ಪ್ರಶ್ನೆ: ನಮಸ್ಕಾರ. ಪೈಥಾನ್‌ನಲ್ಲಿ ಗ್ರಾಫ್ ಬಿಡಿಸುವ ಲೈಬ್ರರಿಯಾದ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಆರು ಗೆರೆಗಳ ಗ್ರಾಫ್ ಒಂದನ್ನು ತಯಾರಿಸಿದ್ದೇನೆ. ಅದರ ಲೆಜೆಂಡ್ (ಯಾವ ಗೆರೆ ಯಾವುದೆಂದು ತಿಳಿಸುವ ಪೆಟ್ಟಿಗೆ) ಮೂರನೆಯ ಗೆರೆಯ ಶಿಖರವನ್ನೇ ಮುಚ್ಚಿ ಕುಳಿತಿದೆ. ಮೌಸ್‌ನಿಂದ ಸರಿಸೋಣವೆಂದು ಸೆಟ್_ಡ್ರ್ಯಾಗಬಲ್(ಟ್ರೂ) ಎಂದು ಬರೆದರೂ ಬ್ರೌಸರ್‌ನಲ್ಲಿ ಕೋಡ್ ಓಡಿಸುವ ಜುಪಿಟರ್ ನೋಟ್‌ಬುಕ್‌ನಲ್ಲಿ ಅದು ಅಲುಗಲಿಲ್ಲ. ಪ್ರತ್ಯೇಕ ವಿಂಡೋದಲ್ಲಿ ತೆರೆದಾಗ ಸರಿಯಿತು. ಆದರೆ ಮರುದಿನ ಪ್ರೋಗ್ರಾಂ ಓಡಿಸಿದಾಗ ಹಳೆಯ ಜಾಗಕ್ಕೇ ಮರಳಿತ್ತು. ಎಳೆದಿಟ್ಟ ಜಾಗವನ್ನು ಉಳಿಸಿಕೊಳ್ಳುವುದು ಹೇಗೆ?

ಉತ್ತರ: ನಮಸ್ಕಾರ. ನಿಮ್ಮ ಕೋಡ್‌ನಲ್ಲಿ ತಪ್ಪಿಲ್ಲ. ನೋಟ್‌ಬುಕ್‌ನ ಇನ್‌ಲೈನ್ ವಿಧಾನದಲ್ಲಿ ನಿಮಗೆ ಕಾಣುವುದು ಗ್ರಾಫಿನ ಸ್ಥಿರ ಚಿತ್ರ ಮಾತ್ರವಾದ್ದರಿಂದ ಮೌಸ್‌ನ ಚಲನೆ ಮ್ಯಾಟ್‌ಪ್ಲಾಟ್‌ಲಿಬ್‌ಗೆ ತಲುಪುವುದೇ ಇಲ್ಲ. ಐಪಿಂಪಲ್ (ipympl) ಎಂಬ ಪ್ಯಾಕೇಜ್ ಅಳವಡಿಸಿಕೊಂಡು, ಮೊದಲ ಸೆಲ್‌ನಲ್ಲಿ %ಮ್ಯಾಟ್‌ಪ್ಲಾಟ್‌ಲಿಬ್ ವಿಜೆಟ್ ಎಂದು ಬರೆದರೆ ನೋಟ್‌ಬುಕ್‌ನಲ್ಲಿಯೂ ಎಳೆಯಬಹುದು. 2022ರಲ್ಲಿ ಬಂದ 3.6ನೇ ಆವೃತ್ತಿಯಿಂದ ಈಚೆಗೆ, ಲೆಜೆಂಡ್ ಸೇರಿಸುವಾಗಲೇ ಡ್ರ್ಯಾಗಬಲ್=ಟ್ರೂ ಎಂದು ಕೊಡಲು ಅವಕಾಶವಿದೆ.

ಇನ್ನು ಮುಖ್ಯವಾದ ಮಾತು. ನೀವು ಎಳೆದಾಗ ಬದಲಾಗುವುದು ನೆನಪಿನಲ್ಲಿರುವ ಆ ಒಂದು ಲೆಜೆಂಡ್ ಮಾತ್ರ. ಫೈಲ್‌ನಲ್ಲಿರುವ ಕೋಡ್ ಇದ್ದಂತೆಯೇ ಇರುತ್ತದೆ. ಅದೇ ಓಟದ ನಡುವೆ ಲೆಜೆಂಡ್ ಸೇರಿಸುವ ಎಎಕ್ಸ್.ಲೆಜೆಂಡ್() ಅನ್ನು ಇನ್ನೊಮ್ಮೆ ಕರೆದರೂ ಹೊಸ ಲೆಜೆಂಡ್ ಹುಟ್ಟಿ, ನೀವು ಎಳೆದಿಟ್ಟದ್ದು ಅಳಿದುಹೋಗುತ್ತದೆ. ಆದ್ದರಿಂದ ಎಳೆಯುವುದನ್ನು ಜಾಗ ಹುಡುಕುವುದಕ್ಕಷ್ಟೇ ಬಳಸಿ, ಸಿಕ್ಕ ಜಾಗವನ್ನು ಕೋಡ್‌ಗೆ ಬರೆದಿಡುವುದು ಒಳ್ಳೆಯದೆಂದು ನಾನು ಬಲವಾಗಿ ನಂಬಿದ್ದೇನೆ. ಮೌಸ್ ಗುಂಡಿಯನ್ನು ಬಿಟ್ಟಾಗ ಉಂಟಾಗುವ ಬಟನ್_ರಿಲೀಸ್_ಇವೆಂಟ್‌ಗೆ ಒಂದು ಸಣ್ಣ ಫಂಕ್ಷನ್ ಜೋಡಿಸಿ; ಅದರೊಳಗೆ ಗೆಟ್_ವಿಂಡೋ_ಎಕ್ಸ್‌ಟೆಂಟ್() ಕೊಡುವ ಪೆಟ್ಟಿಗೆಯ ಕೆಳ ಎಡ ಮೂಲೆಯನ್ನು ಎಎಕ್ಸ್.ಟ್ರಾನ್ಸ್‌ಆಕ್ಸಸ್.ಇನ್ವರ್ಟೆಡ್() ಮೂಲಕ ಗ್ರಾಫಿನ ಚೌಕಟ್ಟಿನ ಅಳತೆಗೆ ಪರಿವರ್ತಿಸಿ ಮುದ್ರಿಸಿಕೊಳ್ಳಿ. ಪರದೆಯ ಮೇಲೆ 0.62, 0.08 ಎಂದು ಬಂದರೆ, ಲೋಕ್=(0.62, 0.08) ಎಂದು ಕೋಡ್‌ನಲ್ಲಿ ಬರೆದರೆ ಸಾಕು. ಅಂಡರ್‌ಸ್ಕೋರ್‌ನಿಂದ ಆರಂಭವಾಗುವ _ಲೋಕ್‌ನಿಂದ ನೇರವಾಗಿ ಓದುವವರೂ ಇದ್ದಾರೆ. ಅದು ಲೈಬ್ರರಿಯ ಒಳಬಳಕೆಗೆ ಇರುವಂಥದ್ದು, ಅದನ್ನು ನೆಚ್ಚಿಕೊಳ್ಳಬೇಡಿ.

ಪ್ರಶ್ನೆ: ಹಾಗೆಯೇ ಮಾಡಿದೆ, ಧನ್ಯವಾದಗಳು. ಆದರೆ ಚಿತ್ರವನ್ನು ಚಿಕ್ಕದಾಗಿಸಿದಾಗ ಲೆಜೆಂಡ್‌ನ ಬಲ ಅಂಚು ಚೌಕಟ್ಟಿನಿಂದ ಹೊರಗೆ ಚಾಚುತ್ತಿದೆ.

ಉತ್ತರ: ಆ ಎರಡು ಸಂಖ್ಯೆಗಳು ಲೆಜೆಂಡ್‌ನ ಕೆಳ ಎಡ ಮೂಲೆಯನ್ನು ಚೌಕಟ್ಟಿನ ಅಗಲ ಮತ್ತು ಎತ್ತರಗಳ ಭಾಗವಾಗಿ ಹೇಳುತ್ತವೆ. ಅಕ್ಷರದ ಗಾತ್ರವಾದರೋ ಪಾಯಿಂಟ್‌ ಎಂಬ ಸ್ಥಿರ ಅಳತೆಯಲ್ಲಿ ಇರುವುದರಿಂದ, ಚೌಕಟ್ಟು ಕುಗ್ಗಿದರೂ ಲೆಜೆಂಡ್ ಕುಗ್ಗುವುದಿಲ್ಲ. ಲೋಕ್='ಲೋವರ್ ರೈಟ್', ಬಿಬಾಕ್ಸ್_ಟು_ಆ್ಯಂಕರ್=(0.98, 0.08), ಬಾರ್ಡರ್‌ಆಕ್ಸಸ್‌ಪ್ಯಾಡ್=0 ಎಂದು ಕೊಟ್ಟರೆ ಬಲ ಮೂಲೆಯೇ ನೆಲೆಯಾಗುತ್ತದೆ; ಬೆಳೆಯುವುದೇನಿದ್ದರೂ ಎಡಕ್ಕೆ. ಎಳೆಯುವ ಮೊದಲೇ ಫಿಗ್‌ಸೈಜ್ ಅನ್ನು (ಚಿತ್ರದ ಗಾತ್ರವನ್ನು) ಅಂತಿಮ ಅಳತೆಗೆ ನಿಗದಿ ಮಾಡಿಕೊಂಡಿರಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನನಗೆ ಪ್ರತ್ಯೇಕ ವಿಂಡೋದಲ್ಲಿಯೂ ಒಮ್ಮೊಮ್ಮೆ ಲೆಜೆಂಡ್ ಮೌಸ್‌ಗೆ ಸಿಗುವುದಿಲ್ಲ.

ಉತ್ತರ: ಟೂಲ್‌ಬಾರ್‌ನಲ್ಲಿ ಜೂಮ್ ಅಥವಾ ಪ್ಯಾನ್ ಗುಂಡಿ ಒತ್ತಿದ ಸ್ಥಿತಿಯಲ್ಲಿದೆಯೇ ನೋಡಿ. ಅದು ಚಾಲನೆಯಲ್ಲಿರುವಷ್ಟು ಹೊತ್ತು ಲೆಜೆಂಡ್ ಮೇಲೆ ಒತ್ತಿದ್ದು ಲೆಕ್ಕಕ್ಕೆ ಬರುವುದಿಲ್ಲ. ಅದೇ ಗುಂಡಿಯನ್ನು ಮತ್ತೊಮ್ಮೆ ಒತ್ತಿ ಬಿಡಿಸಿದ ಮೇಲೆ ಎಳೆಯಿರಿ.