ಇಟಾಲಿಯನ್ ಕ್ರಿಯಾಪದ ಬಾಯಿಗೆ ಬರುವುದು ಹೇಗೆ? ಕಲಿತವರು ಹೇಳಿ

ಪ್ರಶ್ನೆ, ಟುರಿನ್‌ನಿಂದ

ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ, ಈಗಿರುವುದು ಟುರಿನ್‌ನಲ್ಲಿ. ಪೌರತ್ವದ ಅರ್ಜಿಗೆ ಬಿ1 (ಮಧ್ಯಮ ಮಟ್ಟದ ಭಾಷಾ ಪರೀಕ್ಷೆ) ಸರ್ಟಿಫಿಕೇಟ್ ಬೇಕು, ಅದಕ್ಕೇ ಇಟಾಲಿಯನ್ ಹಿಂದೆ ಬಿದ್ದಿದ್ದೇನೆ. ಪದಗಳು ಪರವಾಗಿಲ್ಲ, ನೆನಪಿರುತ್ತವೆ. ಕ್ರಿಯಾಪದ ಬಂತು ಅಂದ್ರೆ ನಾಲಿಗೆ ಕಟ್ಟಿಹೋಗುತ್ತದೆ. ವ್ಯಾಕರಣ ಪುಸ್ತಕದಲ್ಲಿ 7 ಮೂಡ್ (ಹೇಳಿಕೆ, ಆಜ್ಞೆ, ಆಸೆ ಹೀಗೆ ಹೇಳುವ ಬಗೆ), ಎಲ್ಲ ಸೇರಿ 21 ಕಾಲ, ಹೆಚ್ಚಿನವಕ್ಕೆ ಆರಾರು ರೂಪ. ಚಾರ್ಟ್ ಮಾಡಿ ಫ್ರಿಜ್ ಮೇಲೆ ಅಂಟಿಸಿದ್ದೇನೆ. ನೋಡಿದಾಗ ಗೊತ್ತು, ಮಾತಾಡುವಾಗ ಇಲ್ಲ. ಇಷ್ಟೂ ಬೇಕಾ? ಎಲ್ಲಿಂದ ಶುರು ಮಾಡಲಿ?

ಉತ್ತರ, ಮಿಲಾನ್‌ನಿಂದ

ಇಷ್ಟೂ ಬೇಡ ಮೇಡಂ. ದಿನಾ ಬಾಯಲ್ಲಿ ಓಡಾಡುವುದು ಏಳೇ ಏಳು. ಪ್ರೆಸೆಂತೆ (ವರ್ತಮಾನ), ಪಾಸ್ಸಾತೊ ಪ್ರೊಸ್ಸಿಮೊ (ಆಗಿಹೋದದ್ದು), ಇಂಪೆರ್ಫೆತ್ತೊ (ಆಗುತ್ತಿದ್ದದ್ದು), ಫುತೂರೊ (ಭವಿಷ್ಯತ್), ಕೊಂದಿತ್ಸಿಯೊನಾಲೆ ('ಹಾಗಿದ್ದರೆ ಮಾಡುತ್ತಿದ್ದೆ' ಅನ್ನುವುದು), ಇಂಪೆರಾತಿವೊ (ಆಜ್ಞೆ), ಆಮೇಲೆ ಕೊಂಜುಂತಿವೊ ('ಆಗಲಿ', 'ಆದೀತು' ಅನ್ನುವುದು). ಉಳಿದವು ಕಣ್ಣಿಗೆ ಬಿದ್ದಾಗ ಗುರುತು ಸಿಕ್ಕಿದರೆ ಸಾಕು. ತ್ರಾಪಾಸ್ಸಾತೊ ರೆಮೊತೊ ಅಂತ ಒಂದಿದೆ, ಇಲ್ಲಿಯವರೇ ಅದನ್ನು ಮಾತಲ್ಲಿ ಆಡುವುದಿಲ್ಲ. ಅದಕ್ಕಾಗಿ ನಿದ್ದೆ ಕೆಡಬೇಡಿ.

ಮುಖ್ಯ ವಿಷಯ ಅಂದ್ರೆ ಇದನ್ನು ಇಂಗ್ಲಿಷ್ ಮೂಲಕ ಕಲಿಯಬೇಡಿ. ಇಂಗ್ಲಿಷಿನಲ್ಲಿ ಐ, ಯು, ವಿ ಎಲ್ಲಕ್ಕೂ ಒಂದೇ 'ಗೋ'. ನಾವು ಹೋಗುತ್ತೇನೆ, ಹೋಗುತ್ತೀಯ, ಹೋಗುತ್ತೇವೆ ಅಂತ ಬಾಲ ಬದಲಿಸಿಕೊಂಡೇ ಬೆಳೆದವರು. 'ವಾದೊ, ವಾಯಿ, ಅಂದ್ಯಾಮೊ' ಅನ್ನುವುದೂ ಅದೇ ಕೆಲಸ. ಯಾರು ಹೋಗುವುದು ಅನ್ನೋದು ಬಾಲದಲ್ಲೇ ಇದೆ, ಪ್ರತಿ ವಾಕ್ಯಕ್ಕೂ 'ಇಯೊ' ಸೇರಿಸಬೇಕಿಲ್ಲ. 'ನಾಳೆ ಬರ್ತೀನಿ' ಅನ್ನುವಾಗ ನಾವು 'ನಾನು' ಅಂತೀವಾ?

ಇಷ್ಟಪಡುವ ಕ್ರಿಯೆಯೂ ಹಾಗೇ. ಇಂಗ್ಲಿಷಿನಿಂದ ಬಂದವರು 'ಪ್ಯಾಚೆರೆ' ಕಂಡರೆ ಒದ್ದಾಡುತ್ತಾರೆ. ನಮಗೆ ಅದು ಸಲೀಸು. 'ನನಗೆ ಸಿನಿಮಾ ಇಷ್ಟವಾಯಿತು, ಹಾಡುಗಳು ಇಷ್ಟವಾದವು.' ಕ್ರಿಯಾಪದ ನನ್ನ ಕಡೆ ನೋಡುವುದಿಲ್ಲ, ಇಷ್ಟವಾದ ವಸ್ತುವಿನ ಕಡೆ ನೋಡುತ್ತದೆ. 'ಮಿ ಪ್ಯಾಚೆ ಇಲ್ ಕಫ್ಫೆ', 'ಮಿ ಪ್ಯಾಚ್ಚೊನೊ ಇ ದೊಲ್ಚಿ'. ಕಾಫಿ ಒಂದು, ಸಿಹಿತಿಂಡಿ ಹಲವು, ಅಷ್ಟೇ ವ್ಯತ್ಯಾಸ.

ಭೂತಕಾಲದಲ್ಲಿ ಜಾಸ್ತಿ ಸಮಯ ಕಳೆಯಿರಿ. ಮನಸ್ಸಿನಲ್ಲಿ 'ಹೋಗುತ್ತಿದ್ದೆ' ಅಂತ ಬಂದರೆ ಇಂಪೆರ್ಫೆತ್ತೊ, 'ಅಂದಾವೊ'. 'ಹೋದೆ' ಅಂತ ಬಂದರೆ ಪಾಸ್ಸಾತೊ ಪ್ರೊಸ್ಸಿಮೊ, 'ಸೊನೊ ಅಂದಾತಾ'. ಈ ಲೆಕ್ಕ ಬಹಳಷ್ಟು ಕಡೆ ಸರಿಹೋಗುತ್ತದೆ. ಕೈಕೊಡುವುದು 'ಇತ್ತು' ಬರುವಲ್ಲಿ. ಹಸಿವಾಗಿತ್ತು, ಸೆಖೆ ಇತ್ತು, ಸುಸ್ತಾಗಿತ್ತು ಅನ್ನುವಾಗ ನಮ್ಮ ಬಾಯಲ್ಲಿ 'ಉತ್ತಿದ್ದೆ' ಬರುವುದಿಲ್ಲ. ಇಟಾಲಿಯನ್‌ನಲ್ಲಿ ಮಾತ್ರ ಇವೆಲ್ಲ ಇಂಪೆರ್ಫೆತ್ತೊ: 'ಅವೆವೊ ಫಾಮೆ', 'ಫಾಚೆವಾ ಕಾಲ್ದೊ', 'ಎರೊ ಸ್ತಾಂಕಾ'. ಸ್ಥಿತಿ ಹೇಳುವುದೆಲ್ಲ ಇಂಪೆರ್ಫೆತ್ತೊ ಅಂತ ಇಟ್ಟುಕೊಳ್ಳಿ.

ಉತ್ತರ, ರೋಮ್‌ನಿಂದ

ನಾನು ಮಂಗಳೂರಿನ ಕಡೆಯವಳು, ಕಾನ್ವೆಂಟಿನಿಂದ ಇಲ್ಲಿಗೆ ಓದಲು ಬಂದ ಸಿಸ್ಟರ್. ಮೇಲಿನವರು ಕೊಂಜುಂತಿವೊವನ್ನು ಪಟ್ಟಿಯ ಕೊನೆಗೆ ಹಾಕಿದ್ದಾರೆ. ನಾನಾದರೆ ಮೊದಲೇ ಕಲಿಯಿರಿ ಅಂತೀನಿ. ಯಾಕೆಂದರೆ ಅದು ಈಗಾಗಲೇ ನಿಮ್ಮ ಕಿವಿಗೆ ಬಿದ್ದಿದೆ. ಅಂಚೆ ಕಚೇರಿಯಲ್ಲಿ, ಕ್ವೆಸ್ತೂರಾದಲ್ಲಿ (ವಾಸದ ಪರ್ಮಿಟ್ ಕೊಡುವ ಪೊಲೀಸ್ ಕಚೇರಿ), ಔಷಧಿ ಅಂಗಡಿಯಲ್ಲಿ ನಿಮಗೆ ಏನು ಹೇಳುತ್ತಾರೆ ಗಮನಿಸಿ. 'ಮಿ ದೀಕಾ' (ಹೇಳಿ), 'ವೆಂಗಾ' (ಬನ್ನಿ), 'ಅಸ್ಪೆತ್ತಿ' (ಕಾಯಿರಿ), 'ಸಿ ಅಕ್ಕೊಮೊದಿ' (ಕೂತ್ಕೊಳ್ಳಿ), 'ಫಿರ್ಮಿ ಕ್ವಿ' (ಇಲ್ಲಿ ಸಹಿ ಹಾಕಿ). ಗೌರವ ಕೊಟ್ಟು ಹೇಳುವ ಈ ಆಜ್ಞೆಗಳೆಲ್ಲ ಕೊಂಜುಂತಿವೊದಿಂದ ತಂದ ರೂಪಗಳೇ. ನೀವು 'ಸ್ಕೂಸಿ' (ಕ್ಷಮಿಸಿ) ಅಂದಾಗಲೂ ಅದನ್ನೇ ಆಡಿದ್ದೀರಿ.

ನಿಯಮ ಸಣ್ಣದು. 'ಆರೆ' ಗುಂಪಿನ ಕ್ರಿಯೆಗಳು 'ಇ' ತೆಗೆದುಕೊಳ್ಳುತ್ತವೆ, 'ಎರೆ' ಮತ್ತು 'ಇರೆ' ಗುಂಪಿನವು 'ಆ'. ಗೆಳತಿಗೆ ಹೇಳುವಾಗ ತಿರುಗಾಮುರುಗಾ. ಗೆಳತಿಗೆ 'ಅಸ್ಪೆತ್ತಾ', ಆಫೀಸರಿಗೆ 'ಅಸ್ಪೆತ್ತಿ'. ಗೆಳತಿಗೆ 'ಪ್ರೆಂದಿ' (ತಗೋ), ಆಫೀಸರಿಗೆ 'ಪ್ರೆಂದಾ' (ತಗೊಳ್ಳಿ). ಈ ಜೋಡಿಗಳನ್ನು ಬಾಯಿಪಾಠ ಮಾಡಿಕೊಂಡರೆ ಅರ್ಧ ಕೊಂಜುಂತಿವೊ ಬಂದ ಹಾಗೆ. ಇನ್ನೊಂದು ಅನುಕೂಲ ಇದೆ. ನಾನು, ನೀನು, ಅವನು, ಮೂವರಿಗೂ ಅದು ಒಂದೇ ರೂಪ. 'ಕೆ ಇಯೊ ವೆಂಗಾ, ಕೆ ತು ವೆಂಗಾ, ಕೆ ಲೂಯಿ ವೆಂಗಾ.' ಅದಕ್ಕೇ ಇಲ್ಲಿ ಮಾತ್ರ 'ಇಯೊ', 'ತು' ಬಿಟ್ಟರೆ ಗೊಂದಲ ಆಗುತ್ತದೆ.

ಯಾವಾಗ ಬಳಸುವುದು ಅಂತ ಕೇಳಿದರೆ, ಹೈಸ್ಕೂಲಿನಲ್ಲಿ ಓದಿದ ವಿಧ್ಯರ್ಥ, ಸಂಭಾವನಾರ್ಥ ನೆನಪು ಮಾಡಿಕೊಳ್ಳಿ. 'ಅವನು ಬರಲಿ', 'ಅವನು ಬಂದಾನು'. ಆದದ್ದನ್ನು ಹೇಳುತ್ತಿಲ್ಲ, ಆಗಲಿ ಅಂತಲೋ ಆದೀತು ಅಂತಲೋ ಹೇಳುತ್ತಿದ್ದೇವೆ. 'ವೊಲ್ಯೊ ಕೆ ವೆಂಗಾ' (ಬರಲಿ ಅಂತ ನನಗಾಸೆ), 'ಪೆನ್ಸೊ ಕೆ ವೆಂಗಾ' (ಬಂದಾನು ಅಂದ್ಕೊಂಡಿದ್ದೀನಿ) ಎರಡೂ ಆ ಜಾಗದಲ್ಲೇ ಕೂರುತ್ತವೆ. ರಸ್ತೆಯಲ್ಲಿ 'ಪೆನ್ಸೊ ಕೆ ವ್ಯೆನೆ' ಅನ್ನುವವರೂ ಬೇಕಾದಷ್ಟು ಸಿಗುತ್ತಾರೆ. ಪರೀಕ್ಷೆಯಲ್ಲಿ ಹಾಗೆ ಬರೆಯಬೇಡಿ.

ಒಂದು ಎಚ್ಚರಿಕೆ. ನಾವು ದೊಡ್ಡವರಿಗೆ 'ನೀವು' ಅಂದು ಬಹುವಚನ ಹಚ್ಚುತ್ತೇವೆ. ಆ ಅಭ್ಯಾಸದಲ್ಲಿ ಒಬ್ಬರೇ ಅಧಿಕಾರಿಗೆ 'ವೊಯಿ' ಹಚ್ಚಬೇಡಿ. ಇಲ್ಲಿ ಗೌರವಕ್ಕೆ 'ಲೇಯಿ', ಅಂದರೆ 'ಅವಳು' ಅನ್ನುವ ರೂಪ, ಎದುರಿಗಿರುವವರು ಗಂಡಸಾದರೂ.

ಉತ್ತರ, ನೇಪಲ್ಸ್‌ನಿಂದ

ಸಿಸ್ಟರ್, ನಮ್ಮ ಕಡೆ ಬನ್ನಿ, ವಯಸ್ಸಾದವರಿಗೆ 'ವೊಯಿ' ಇನ್ನೂ ನಡೆಯುತ್ತದೆ! ಆದರೆ ಅಕ್ಕ ಪರೀಕ್ಷೆ ಬರೆಯುವವರು, 'ಲೇಯಿ'ಯೇ ಇರಲಿ.

ಪಾಸ್ಸಾತೊ ರೆಮೊತೊ, ಅಂದರೆ ದೂರದ ಭೂತಕಾಲ, ಅದರ ಬಗ್ಗೆ ಯಾರೂ ಹೇಳಲಿಲ್ಲ. ಟುರಿನ್‌ನಲ್ಲಿ ಮಾತಾಡುವಾಗ ಅದು ಕಿವಿಗೆ ಬೀಳುವುದು ಅಪರೂಪ. ದಕ್ಷಿಣದಲ್ಲಿ, ಅದರಲ್ಲೂ ಸಿಸಿಲಿಯಲ್ಲಿ, ಮಾತಲ್ಲೂ ಇದೆ. ಟಸ್ಕನಿಯಲ್ಲೂ ಇದೆ. ನಿಮಗೆ ಬೇಕಾಗುವುದು ಓದಲು. ಇತಿಹಾಸದ ಪಾಠ, ಮಕ್ಕಳ ಕಥೆ, ಸ್ಮಾರಕದ ಮುಂದಿನ ಫಲಕ, ಎಲ್ಲ ಕಡೆ ಅದೇ. 'ದಾಂತೆ ನಾಕ್ವೆ ಆ ಫಿರೆಂತ್ಸೆ ನೆಲ್ 1265, ಮೊರೀ ಆ ರವೆನ್ನಾ ನೆಲ್ 1321.' ಹುಟ್ಟಿದ, ಸತ್ತ, ಅಷ್ಟೆ.

ಇದಕ್ಕೊಂದು ಉಪಾಯ ಇದೆ. ವಕ್ರ (ನಿಯಮ ತಪ್ಪುವ) ಕ್ರಿಯೆಗಳು ಸಾಮಾನ್ಯವಾಗಿ ಮೂರೇ ಕಡೆ ವಕ್ರ: ನಾನು, ಅವನು, ಅವರು. 'ಪ್ರೆಂದೆರೆ' (ತೆಗೆದುಕೊಳ್ಳು) ನೋಡಿ: 'ಪ್ರೇಸಿ, ಪ್ರೇಸೆ, ಪ್ರೇಸೆರೊ'. ಉಳಿದ ಮೂರು ನೆಟ್ಟಗೆ ಮೂಲದಿಂದ ಬರುತ್ತವೆ: 'ಪ್ರೆಂದೆಸ್ತಿ, ಪ್ರೆಂದೆಮ್ಮೊ, ಪ್ರೆಂದೆಸ್ತೆ'. 'ನಾನು' ರೂಪ ಒಂದು ಗೊತ್ತಿದ್ದರೆ ಆರೂ ಕಟ್ಟಬಹುದು.

ಉತ್ತರ, ಬೊಲೊನ್ಯಾದಿಂದ

ಚಾರ್ಟ್ ಕಿತ್ತು ಹಾಕಬೇಡಿ ಅಕ್ಕ. ಈಗ ಎಲ್ಲರೂ 'ಸುಮ್ನೆ ಮಾತಾಡಿ, ತಾನಾಗೇ ಬರುತ್ತೆ' ಅಂತಾರೆ. ನನಗಂತೂ ಹಾಗೆ ಬರಲಿಲ್ಲ. ಪ್ರೈಮರಿಯಲ್ಲಿ ಮಗ್ಗಿ ಹೇಳಿದ ಹಾಗೆ ಗಟ್ಟಿಯಾಗಿ ಹೇಳಿಕೊಂಡೇ ಕಲಿತದ್ದು. ಆದರೆ ಎಲ್ಲ ಕ್ರಿಯೆಗಳದ್ದೂ ಬೇಡ. ಎಸ್ಸೆರೆ (ಇರು), ಅವೆರೆ (ಹೊಂದಿರು), ಫಾರೆ (ಮಾಡು), ಅಂದಾರೆ (ಹೋಗು), ವೆನೀರೆ (ಬರು), ದೀರೆ (ಹೇಳು), ದಾರೆ (ಕೊಡು), ಸ್ತಾರೆ (ಇರು, ಉಳಿ), ಪೊತೆರೆ (ಸಾಧ್ಯವಾಗು), ವೊಲೆರೆ (ಬಯಸು), ದೊವೆರೆ (ಮಾಡಲೇಬೇಕಾಗು), ಸಪೆರೆ (ತಿಳಿದಿರು). ಜಾಸ್ತಿ ಬಳಕೆಯಾಗುವವೇ ಜಾಸ್ತಿ ವಕ್ರ, ಅದೇ ಕಷ್ಟ. ಇವು ಬಂದರೆ ಉಳಿದವು ಹೆಚ್ಚಿನಂಶ ಸಾಲಾಗಿ ಬರುತ್ತವೆ.

ಭವಿಷ್ಯತ್ತನ್ನೂ ಕೊಂದಿತ್ಸಿಯೊನಾಲೆಯನ್ನೂ ಬೇರೆ ಬೇರೆ ಕಲಿಯಬೇಡಿ, ಎರಡಕ್ಕೂ ಬುಡ ಒಂದೇ. 'ಅಂದ್ರೊ, ಅಂದ್ರೇಯಿ'. 'ವೊರ್ರೊ, ವೊರ್ರೇಯಿ'. 'ಸಾರೊ, ಸಾರೇಯಿ'. ಬಾರಿನಲ್ಲಿ 'ವೊರ್ರೇಯಿ ಉನ್ ಕಫ್ಫೆ' ಅನ್ನುತ್ತೀರಲ್ಲ, ಅದರ ಬಾಲ ಬದಲಿಸಿದರೆ ಭವಿಷ್ಯತ್ ಕಾಲ. ಒಂದೇ ಕಡೆ ಹುಷಾರು. 'ಪಾರ್ಲೆರೇಮೊ' ಅಂದರೆ ಮಾತಾಡುತ್ತೇವೆ, 'ಪಾರ್ಲೆರೆಮ್ಮೊ' ಅಂದರೆ ಸಂದರ್ಭ ಬಂದರೆ ಮಾತಾಡೇವು. ವ್ಯತ್ಯಾಸ ಬರೀ ಒಂದು ಒತ್ತಕ್ಷರ. ನನ್ನ ಕ್ಲಾಸಿನಲ್ಲಿ ಬೇರೆ ದೇಶದವರಿಗೆ ಇದು ಕಿವಿಗೇ ಬೀಳುತ್ತಿರಲಿಲ್ಲ. 'ಅಕ' ಬೇರೆ 'ಅಕ್ಕ' ಬೇರೆ ಅಂತ ಗೊತ್ತಿರುವ ನಮಗೆ ಏನು ಕಷ್ಟ? ನೋಟ್ಸನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಿ, ಒತ್ತು ಕಣ್ಣಿಗೆ ಹೊಡೆಯುತ್ತದೆ.

ಅಕ್ಷರ ಕೈಕೊಡುವುದು ಉಚ್ಚಾರದ ಭಾರದ ವಿಷಯದಲ್ಲಿ. 'ಅವರು' ರೂಪದಲ್ಲಿ ಭಾರ ಹಿಂದಕ್ಕೆ ಹೋಗುತ್ತದೆ. 'ಪಾರ್ಲನೊ' (ಮಾತಾಡುತ್ತಾರೆ) ಅನ್ನಬೇಕು, 'ಪಾರ್ಲಾನೊ' ಅಲ್ಲ. 'ಆಬಿತನೊ' (ವಾಸಿಸುತ್ತಾರೆ), 'ಅಬಿತಾನೊ' ಅಲ್ಲ.

ಮತ್ತೆ ಟುರಿನ್‌ನಿಂದ

ಎಲ್ಲರಿಗೂ ಥ್ಯಾಂಕ್ಸ್. ಸಿಸ್ಟರ್ ಹೇಳಿದ್ದು ನಿಜ, ಇವತ್ತು ತರಕಾರಿ ಅಂಗಡಿಯಲ್ಲಿ 'ಮಿ ದೀಕಾ' ಅಂದರು, ನಗು ಬಂತು. ಎರಡು ಸಂಶಯ ಉಳಿದಿವೆ. ಪಾಸ್ಸಾತೊ ಪ್ರೊಸ್ಸಿಮೊ ಕಟ್ಟುವಾಗ ಜೊತೆಗೆ ಎಸ್ಸೆರೆ ಯಾವಾಗ, ಅವೆರೆ ಯಾವಾಗ? ಆಮೇಲೆ 'ಸೆ' ವಾಕ್ಯಗಳು, ನಮ್ಮ 'ಇದ್ದರೆ, ಬಂದರೆ' ಥರದವು, ಅವಂತೂ ತಲೆಗೇ ಹೋಗುತ್ತಿಲ್ಲ.

ಉತ್ತರ, ಮಿಲಾನ್‌ನಿಂದ

'ಏನನ್ನು?' ಅಂತ ಕೇಳಿದರೆ ಉತ್ತರ ಬರುವ ಕ್ರಿಯೆಗೆ ಅವೆರೆ. ಬರುವುದು, ಹೋಗುವುದು, ಹುಟ್ಟುವುದು, ಆಗುವುದು, ಉಳಿಯುವುದು ಇವಕ್ಕೆ ಎಸ್ಸೆರೆ. 'ಮಿ, ತಿ, ಸಿ' (ನನ್ನನ್ನು, ನಿನ್ನನ್ನು, ತನ್ನನ್ನು) ಅಂಟಿಕೊಂಡು ಬರುವವಕ್ಕೂ ಎಸ್ಸೆರೆ. ಒಂದೇ ಕ್ರಿಯೆ ಎರಡೂ ಕಡೆ ಹೋಗುವುದುಂಟು: 'ಓ ಫಿನೀತೊ ಇಲ್ ಲವೋರೊ', ಕೆಲಸ ಮುಗಿಸಿದೆ. 'ಇಲ್ ಫಿಲ್ಮ್ ಎ ಫಿನೀತೊ', ಸಿನಿಮಾ ಮುಗಿಯಿತು. ಮುಗಿಸು, ಮುಗಿ ಎರಡನ್ನೂ ಬೇರೆ ಮಾಡಿ ಆಡುವ ನಮಗೆ ಇದು ಹೊಸದಲ್ಲ. ಹಾಳಾದ್ದು, 'ಕಮ್ಮಿನಾರೆ', 'ವ್ಯಾಜ್ಜಾರೆ' ಮಾತ್ರ ನಡೆಯುವುದು, ಪ್ರಯಾಣ ಮಾಡುವುದು ಆದರೂ ಅವೆರೆ ಕೇಳುತ್ತವೆ. ಇವೆರಡನ್ನು ಬರೆದಿಟ್ಟುಕೊಳ್ಳಿ.

ಎಸ್ಸೆರೆ ಬಂದಾಗ ಕೊನೆಯ ಸ್ವರ ನಿಮ್ಮದು. ನಮ್ಮಲ್ಲಿ 'ನಾನು ಹೋದೆ' ಅಂದರೆ ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಇಲ್ಲಿ ನೀವು 'ಸೊನೊ ನಾತಾ ಇನ್ ಇಂದಿಯಾ' (ಭಾರತದಲ್ಲಿ ಹುಟ್ಟಿದೆ), 'ಮಿ ಸೊನೊ ಸ್ಪೊಸಾತಾ' (ಮದುವೆಯಾದೆ), 'ಮಿ ಸೊನೊ ತ್ರಾಸ್ಫೆರೀತಾ ಆ ತೊರೀನೊ' (ಟುರಿನ್‌ಗೆ ಬಂದು ನೆಲೆಸಿದೆ) ಅನ್ನಬೇಕು. ನಾನಾದರೆ 'ನಾತೊ', 'ಸ್ಪೊಸಾತೊ'. ಪುಸ್ತಕದ ಚಾರ್ಟಿನಲ್ಲಿ ಸಾಮಾನ್ಯವಾಗಿ ಗಂಡಸಿನ ರೂಪವೇ ಮುಂದೆ ಇರುತ್ತದೆ, ಅದನ್ನೇ ಉರು ಹೊಡೆಯಬೇಡಿ. ಮೌಖಿಕದಲ್ಲಿ ನಿಮ್ಮ ಬಗ್ಗೆ ಹೇಳಿ ಅಂತ ಕೇಳುವುದು ಇದ್ದದ್ದೇ. ಈ ಮೂರು ವಾಕ್ಯ ಈಗಲೇ ಸಿದ್ಧವಿರಲಿ.

'ಸೆ' ವಿಷಯ. 'ಸಮಯ ಇದ್ದಿದ್ದರೆ ಬರುತ್ತಿದ್ದೆ' ಅನ್ನುವಾಗ ನಾವು ಎರಡು ಕಡೆಯೂ ಭೂತಕಾಲ ಹಾಕುತ್ತೇವೆ. ಇಲ್ಲಿಯವರೂ ಮನೆಮಾತಿನಲ್ಲಿ ಹಾಗೇ ಅಂತಾರೆ: 'ಸೆ ಲೊ ಸಪೆವೊ, ನೊನ್ ವೆನೀವೊ', ಗೊತ್ತಿದ್ದಿದ್ದರೆ ಬರ್ತಿರಲಿಲ್ಲ. ಬರವಣಿಗೆಯಲ್ಲಿ ಇದನ್ನೇ 'ಸೆ ಲಾವೆಸ್ಸಿ ಸಪೂತೊ, ನೊನ್ ಸಾರೇಯಿ ವೆನೂತಾ' ಅನ್ನಬೇಕು. 'ಸೆ' ಇರುವ ಕಡೆ ಕೊಂಜುಂತಿವೊ, ಇಲ್ಲದ ಕಡೆ ಕೊಂದಿತ್ಸಿಯೊನಾಲೆ. 'ಸೆ' ಪಕ್ಕ ಕೊಂದಿತ್ಸಿಯೊನಾಲೆ ಹಾಕಿ 'ಸೆ ಅವ್ರೇಯಿ' ಅಂದಿರೋ, ಟೀಚರ್ ಕಣ್ಣು ದೊಡ್ಡದಾಗುತ್ತದೆ.

ಉತ್ತರ, ರೋಮ್‌ನಿಂದ

ಇನ್ನೊಂದು ಮಾತು. ಪೌರತ್ವಕ್ಕೆ ಬಿ1 ಬೇಕು ಅಂತಾದದ್ದು 2018ರ ಡಿಸೆಂಬರಿನಿಂದ. ಸಿಯೆನಾದ ವಿದೇಶಿಯರ ವಿಶ್ವವಿದ್ಯಾಲಯ ನಡೆಸುವ ಇಟಾಲಿಯನ್ ಪರೀಕ್ಷೆ 'ಚಿಲ್ಸ್'ನಲ್ಲಿ ಪೌರತ್ವಕ್ಕೆಂದೇ ಬೇರೆ ಬಿ1 ಪರೀಕ್ಷೆ ಇದೆ. ಹಳೆಯ ಪ್ರಶ್ನೆಪತ್ರಿಕೆ ಅಭ್ಯಾಸ ಮಾಡುವಾಗ ಯಾವುದರದ್ದು ಅಂತ ನೋಡಿಕೊಳ್ಳಿ. ದುಡ್ಡು ಕೊಟ್ಟು ಕ್ಲಾಸಿಗೆ ಸೇರುವ ಮೊದಲು ಹತ್ತಿರದ ಸಿಪಿಐಎಯಲ್ಲಿ ವಿಚಾರಿಸಿ. ದೊಡ್ಡವರಿಗೆಂದೇ ಇರುವ ಸರ್ಕಾರಿ ಶಾಲೆ ಅದು. ಸೆಪ್ಟೆಂಬರಿನ ಹೊತ್ತಿಗೇ ಹೋಗಿ, ಆಮೇಲೆ ಸೀಟು ಸಿಗುವುದು ಕಷ್ಟ.