ಸೋರಿಯಾಸಿಸ್: ಚಳಿಗಾಲದ ಉಲ್ಬಣವನ್ನು ಹತೋಟಿಯಲ್ಲಿಡುವುದು ಹೇಗೆ?

ಪ್ರಶ್ನೆ: ಧಾರವಾಡದ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಸೋರಿಯಾಸಿಸ್ ಎಂಬ ಈ ಚರ್ಮರೋಗ ಶುರುವಾಗಿ ಒಂಬತ್ತು ವರ್ಷಗಳಾದವು. ಮೊದಲೆರಡು ವರ್ಷ ನೆತ್ತಿಯಲ್ಲಿದ್ದುದನ್ನು ತಲೆಹೊಟ್ಟು ಎಂದೂ ಮೊಣಕೈ ಮೇಲಿದ್ದುದನ್ನು ಗಜಕರ್ಣವೆಂದೂ ತಿಳಿದು, ಔಷಧದಂಗಡಿಯವರು ಕೊಟ್ಟ ಮುಲಾಮನ್ನೇ ಹಚ್ಚುತ್ತಿದ್ದೆ. ದೀಪಾವಳಿ ದಾಟಿ ಒಣ ಗಾಳಿ ಬೀಸತೊಡಗಿದರೆ ಮೊಣಕೈ, ಮೊಣಕಾಲು, ಕಿವಿಯ ಹಿಂಭಾಗ ಎಲ್ಲ ಕೆಂಪೇರಿ ಬೆಳ್ಳಗೆ ಪೊರೆ ಕಟ್ಟುತ್ತದೆ. ಹೆಗಲ ಮೇಲೆ ಉದುರಿದ್ದನ್ನು ಮಕ್ಕಳು ಸೀಮೆಸುಣ್ಣದ ಪುಡಿಯೆಂದು ತಿಳಿಯಲಿ ಎಂದು, ಬೇಕೆಂದೇ ಸೀಮೆಸುಣ್ಣವನ್ನು ಒತ್ತಿ ಒತ್ತಿ ಬರೆಯುತ್ತೇನೆ. ಈ ವರ್ಷವಂತೂ ಮಳೆಗಾಲದಲ್ಲಿಯೂ ಕಡಿಮೆಯಾಗಲಿಲ್ಲ.

ವೈದ್ಯರು ಕೊಟ್ಟ ಕ್ಲೊಬೆಟಸಾಲ್ ಮುಲಾಮು ಹಚ್ಚಿದರೆ ಎರಡು ವಾರದಲ್ಲಿ ಚರ್ಮ ತಿಳಿಯಾಗುತ್ತದೆ, ಬಿಟ್ಟ ತಿಂಗಳೊಳಗೆ ಮರಳಿ ಬರುತ್ತದೆ. ಮನೆಯಲ್ಲಿ ಹಿರಿಯರು ಹಂಡೆಯ ಸುಡುನೀರಿನಲ್ಲಿ ಮಿಂದು, ಸೀಗೆಪುಡಿ ಹಚ್ಚಿ, ಕಲ್ಲಿನಿಂದ ಉಜ್ಜಿದರೆ ಪೊರೆ ಹೋಗುತ್ತದೆ ಎನ್ನುತ್ತಾರೆ; ಬದನೆಕಾಯಿ ನಂಜು, ಬಿಡು ಎಂಬುದು ಇನ್ನೊಂದು ಸಲಹೆ. ಸ್ನಾನ, ಮುಲಾಮು, ರಾತ್ರಿಯ ನವೆ, ಈ ಮೂರನ್ನು ನೀವು ಹೇಗೆ ನಿಭಾಯಿಸುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ 1: ಹಳೆಯ ರೋಗಿ, ಮೈಸೂರು

ಮೇಡಂ, ನನಗಿದು 26 ವರ್ಷಗಳ ಒಡನಾಡಿ. ಮೊದಲು ಆ ಕಲ್ಲನ್ನು ಬಚ್ಚಲಿನಿಂದ ಹೊರಗೆ ಹಾಕಿರಿ. ನಮ್ಮಂಥವರ ಚರ್ಮಕ್ಕೆ ಎಲ್ಲಿ ಗೀರು ಬೀಳುತ್ತದೆಯೋ, ಎಲ್ಲಿ ಉಜ್ಜಿದ ಗಾಯವಾಗುತ್ತದೆಯೋ, ಅಲ್ಲಿಯೇ ಹತ್ತು ಹದಿನೈದು ದಿನಗಳಲ್ಲಿ ಹೊಸ ಕಲೆ ಏಳುವುದುಂಟು. ಬೆಲ್ಟಿನ ಬಕಲ್ ತಾಗುವ ಜಾಗದಲ್ಲಿ ಸರಿಯಾಗಿ ಅದೇ ಆಕಾರದ ಕಲೆಯೊಂದು ನನಗೆ ಎದ್ದಿತ್ತು. ಅಂದಿನಿಂದ ಲಾಡಿಯ ಪೈಜಾಮವೇ ಗತಿ.

ಸ್ನಾನಕ್ಕೆ ಉಗುರುಬೆಚ್ಚಗಿನ ನೀರು, ಹತ್ತು ನಿಮಿಷ ಸಾಕು. ಟವೆಲಿನಿಂದ ತಿಕ್ಕದೆ ಒತ್ತಿ ಒರೆಸಿಕೊಂಡು, ಮೈಯಲ್ಲಿ ಪಸೆ ಇರುವಾಗಲೇ ಕೊಬ್ಬರಿ ಎಣ್ಣೆಯನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ಸವರಬೇಕು. ಚರ್ಮ ಒಣಗಿದ ಮೇಲೆ ಹಚ್ಚಿದರೆ ಅರ್ಧ ಪ್ರಯೋಜನವೂ ಇಲ್ಲ. ನೆತ್ತಿಗೆ ರಾತ್ರಿ ಎಣ್ಣೆ ಹಚ್ಚಿ, ಬೆಳಗ್ಗೆ ಅಗಲ ಹಲ್ಲಿನ ಬಾಚಣಿಗೆಯಿಂದ ತಾನಾಗಿ ಬಿಟ್ಟುಬರುವ ಪೊರೆಯನ್ನಷ್ಟೇ ತೆಗೆಯಿರಿ. ಉಗುರಿನಿಂದ ಕಿತ್ತರೆ ಸೂಜಿಮೊನೆಯಷ್ಟು ರಕ್ತ ಜಿನುಗುತ್ತದೆ, ನವೆಯೂ ಹೆಚ್ಚುತ್ತದೆ. ನವೆಯ ರಾತ್ರಿ ಒದ್ದೆ ಬಟ್ಟೆಯನ್ನು ಹಿಂಡಿ ಐದು ನಿಮಿಷ ಹೊದಿಸಿದರೆ ನನಗೆ ನಿದ್ದೆ ಬರುತ್ತದೆ.

ಬದನೆಕಾಯಿಯನ್ನು ನಾನು ಎರಡು ವರ್ಷ ಬಿಟ್ಟು ನೋಡಿದೆ. ಬಿಟ್ಟದ್ದರಿಂದ ಎಣ್ಣೆಗಾಯಿಯ ರುಚಿ ಮರೆತದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಬೀಡಿ ಬಿಟ್ಟದ್ದರಿಂದ ಮಾತ್ರ ವ್ಯತ್ಯಾಸ ಕಂಡಿತು.

ಉತ್ತರ 2: ಹೆಸರು ಬೇಡ, ಕಲಬುರಗಿ

ಹದಿನೈದು ದಿನಗಳಲ್ಲಿ ಬುಡಸಮೇತ ಗುಣ ಎಂದು ಹೇಳುವವರ ಬಳಿ ಹೋಗಬೇಡಿರಿ. ನನಗೆ ಒಬ್ಬರು ಪೊಟ್ಟಣದಲ್ಲಿ ಕಟ್ಟಿದ ಬಿಳಿ ಪುಡಿ ಕೊಟ್ಟಿದ್ದರು. ಮೂರು ವಾರದಲ್ಲಿ ಚರ್ಮ ಮಗುವಿನದರಂತಾಯಿತು, ಮುಖ ಊದಿಕೊಂಡಿತು, ಹಸಿವು ವಿಪರೀತ ಹೆಚ್ಚಿತು. ಪುಡಿ ಮುಗಿದ ಹನ್ನೆರಡನೆಯ ದಿನ ಜ್ವರ ಬಂದು ಮೈತುಂಬ ಸಣ್ಣ ಕೀವುಗುಳ್ಳೆಗಳೆದ್ದವು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದೆ. ಪುಡಿಯಲ್ಲಿ ಸ್ಟೆರಾಯ್ಡ್ ಬೆರೆಸಿದ್ದಿರಬೇಕೆಂದು ಅಲ್ಲಿಯ ವೈದ್ಯರು ಹೇಳಿದರು.

ಉತ್ತರ 3: ಚರ್ಮರೋಗ ವೈದ್ಯ

ಮೇಲಿನವರ ಅನುಭವ ಅಪರೂಪದ್ದಲ್ಲ. ಸೋರಿಯಾಸಿಸ್ ಇರುವವರು ಸ್ಟೆರಾಯ್ಡ್ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಂಡು ಥಟ್ಟನೆ ನಿಲ್ಲಿಸಿದಾಗ ರೋಗ ಕೀವುಗುಳ್ಳೆಗಳ ರೂಪ ತಾಳಬಹುದು. ಸಾಮಾನ್ಯವಾಗಿ ತಿಂಗಳಷ್ಟು ಸಮಯ ತೆಗೆದುಕೊಂಡು ಮೇಲೆ ಬರುವ ಚರ್ಮದ ಜೀವಕೋಶಗಳು, ದೇಹದ ರೋಗನಿರೋಧಕ ವ್ಯವಸ್ಥೆಯೇ ತಪ್ಪಾಗಿ ಪ್ರಚೋದಿಸುವುದರಿಂದ ಮೂರು ನಾಲ್ಕು ದಿನಗಳಲ್ಲಿ ನುಗ್ಗಿ ಬಂದು ಪೊರೆಯಾಗಿ ಕಟ್ಟುತ್ತವೆ. ಇದು ಅಂಟುರೋಗವಲ್ಲ, ಇದನ್ನು ಶಾಲೆಯಲ್ಲಿ ಒಮ್ಮೆ ಬಾಯಿಬಿಟ್ಟು ಹೇಳಿಬಿಡುವುದು ಸೀಮೆಸುಣ್ಣ ಸವೆಸುವುದಕ್ಕಿಂತ ಸುಲಭವೆಂದು ನನ್ನ ಅನಿಸಿಕೆ.

ಕ್ಲೊಬೆಟಸಾಲ್ ಬಹಳ ಪ್ರಬಲವಾದ ಸ್ಟೆರಾಯ್ಡ್ ಮುಲಾಮು. ತೋರುಬೆರಳಿನ ತುದಿಯ ಗೆರೆಯಿಂದ ತುದಿಯವರೆಗೆ ಹಿಂಡಿದಷ್ಟು, ಅಂದರೆ ಸುಮಾರು ಅರ್ಧ ಗ್ರಾಂ, ಎರಡು ಅಂಗೈಗಳಷ್ಟು ಜಾಗಕ್ಕೆ ಸಾಕು. ಸತತವಾಗಿ ಎರಡು ವಾರ ಮೀರಬಾರದು. ಮುಖಕ್ಕೆ, ಕಂಕುಳಿಗೆ, ತೊಡೆಸಂದಿಗೆ ಬೇಡ. ಚರ್ಮ ತಿಳಿಯಾದೊಡನೆ ಎಲ್ಲ ಔಷಧವನ್ನೂ ಕೈಬಿಡುವುದರಿಂದಲೇ ಅದು ಬೇಗ ಮರಳುತ್ತದೆ. ಆ ಹಂತದಲ್ಲಿ ಕ್ಯಾಲ್ಸಿಪೊಟ್ರಿಯಾಲ್‌ನಂಥ ಸ್ಟೆರಾಯ್ಡ್ ಅಲ್ಲದ ಮುಲಾಮಿಗೆ ಬದಲಾಯಿಸುವ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿರಿ. ಟಾರ್ (ಕಲ್ಲಿದ್ದಲಿನ ಡಾಂಬರು) ಇರುವ ಶಾಂಪೂ ಬಳಸುವಿರಾದರೆ ಐದು ನಿಮಿಷವಾದರೂ ನೆತ್ತಿಯ ಮೇಲೆ ಬಿಟ್ಟು ತೊಳೆಯಿರಿ. ಇಷ್ಟಕ್ಕೂ ಬಗ್ಗದಿದ್ದರೆ ವಾರಕ್ಕೆ ಎರಡು ಮೂರು ಸಲ ಕೊಡುವ ನ್ಯಾರೋಬ್ಯಾಂಡ್ ಯುವಿಬಿ ಎಂಬ ನೇರಳಾತೀತ ಬೆಳಕಿನ ಚಿಕಿತ್ಸೆ ಇದೆ. ಮೆಥೊಟ್ರೆಕ್ಸೇಟ್ ಮಾತ್ರೆಯೂ ಇದೆ. ಅದು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಔಷಧ. ದಿನವೂ ನುಂಗಿ ಬಾಯಿಹುಣ್ಣಾಗಿ, ರಕ್ತಕಣಗಳು ಕುಸಿದು ಬಂದವರನ್ನು ನೋಡಿದ್ದೇನೆ.

ಎರಡು ಪ್ರಶ್ನೆಗಳಿವೆ. ಈ ರೋಗ ಕೆಲವರಲ್ಲಿ ಕೀಲುಗಳಿಗೂ ತಗಲುವುದರಿಂದ ಕೇಳುತ್ತೇನೆ: ಬೆಳಗ್ಗೆ ಎದ್ದಾಗ ಬೆರಳುಗಳು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಸೆಡೆತುಕೊಂಡಿರುತ್ತವೆಯೇ? ಬೇರೆ ಕಾಯಿಲೆಗೆ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ?

ಧಾರವಾಡದ ಶಿಕ್ಷಕಿ

ಎಲ್ಲರಿಗೂ ಧನ್ಯವಾದಗಳು. ಬೆರಳುಗಳಲ್ಲಿ ಸೆಡೆತ ಇಲ್ಲ. ನಿಮ್ಮ ಎರಡನೆಯ ಪ್ರಶ್ನೆ ಓದಿ ಮಾತ್ರೆಯ ಡಬ್ಬಿ ತೆಗೆದು ನೋಡಿದೆ. ಅರೆತಲೆನೋವಿಗೆಂದು ಕಳೆದ ಯುಗಾದಿಯ ನಂತರ ಬೇರೊಬ್ಬ ವೈದ್ಯರು ಬರೆದುಕೊಟ್ಟ ಪ್ರೊಪ್ರನೊಲಾಲ್ ಅನ್ನು ದಿನವೂ ತೆಗೆದುಕೊಳ್ಳುತ್ತಿದ್ದೇನೆ. ಚರ್ಮಕ್ಕೂ ಅದಕ್ಕೂ ಸಂಬಂಧವಿರಬಹುದೆಂದು ತೋಚದೆ, ಚರ್ಮದ ವೈದ್ಯರಿಗೆ ಇದನ್ನು ಹೇಳಿಯೇ ಇರಲಿಲ್ಲ.

ಚರ್ಮರೋಗ ವೈದ್ಯ

ಪ್ರೊಪ್ರನೊಲಾಲ್ ಬೀಟಾ ಬ್ಲಾಕರ್ ಎಂಬ ಗುಂಪಿನದು. ಆ ಗುಂಪಿನ ಔಷಧಗಳು ಕೆಲವರಲ್ಲಿ ಸೋರಿಯಾಸಿಸ್ ಅನ್ನು ಕೆರಳಿಸುವುದುಂಟು. ಮಳೆಗಾಲದಲ್ಲಿಯೂ ಇಳಿಯದಿರಲು ಅದೇ ಕಾರಣವಿರಬಹುದು, ಖಚಿತವಾಗಿ ಹೇಳಲಾರೆ. ನೀವಾಗಿಯೇ ನಿಲ್ಲಿಸಬೇಡಿರಿ, ಏಕೆಂದರೆ ಅದನ್ನು ಥಟ್ಟನೆ ಬಿಟ್ಟರೆ ಎದೆಬಡಿತ, ರಕ್ತದೊತ್ತಡ ಏರಬಹುದು. ಬರೆದುಕೊಟ್ಟ ವೈದ್ಯರಿಗೆ ಈ ಚರ್ಮದ ವಿಷಯ ತಿಳಿಸಿ, ಹಂತಹಂತವಾಗಿ ಇಳಿಸಿ ಬೇರೆ ಮಾತ್ರೆಗೆ ಬದಲಾಯಿಸಬಹುದೇ ಎಂದು ಕೇಳಿರಿ. ಹೋಗುವಾಗ ಎರಡೂ ಕಡೆಯ ಚೀಟಿಗಳು ಕೈಯಲ್ಲಿರಲಿ.